ಮೇಲೇರುವಾಗ ತಪ್ಪಿದ 600 ಅಡಿ: ಇಬ್ಬರಿದ್ದೂ ಕಾಣದೆ ಹೋದದ್ದು ಹೇಗೆ?

ಬಲಬದಿಯ ಆಸನ

ಹನ್ನೊಂದು ದಿನಗಳಾದವು. ಕಣ್ಣು ಮುಚ್ಚಿದರೆ ಈಗಲೂ ಆ ವಿಮಾನ ಸಂಚಾರ ಕಂಟ್ರೋಲರ್‌ನ ದನಿ ಕೇಳಿಸುತ್ತದೆ. ಈ ಕ್ಷೇತ್ರದ ಒಳಹೊರಗು ಬಲ್ಲವರು ಇಲ್ಲಿ ಹಲವರಿದ್ದೀರಿ ಎಂಬ ಧೈರ್ಯದಿಂದ ಬರೆಯುತ್ತಿದ್ದೇನೆ.

ನಾನು ಸಹಪೈಲಟ್. ಆ ದಿನ ವಿಮಾನ ಹಾರಿಸುವ ಹೊಣೆ ಕ್ಯಾಪ್ಟನ್ ಅವರದು. ರೇಡಿಯೋ, ಚೆಕ್‌ಲಿಸ್ಟ್ ಮತ್ತು ಉಪಕರಣಗಳ ಮೇಲಿನ ನಿಗಾ ನನ್ನದು. ಸುತ್ತಮುತ್ತ ವಾಯುಭಾರ ಕುಸಿದಿತ್ತು, ಕ್ಯೂಎನ್‌ಎಚ್ (ಆ ಸ್ಥಳದ ಒತ್ತಡ) 991. ಟ್ರಾನ್ಸಿಶನ್ ಆಲ್ಟಿಟ್ಯೂಡ್, ಅಂದರೆ ಒತ್ತಡದ ಸೆಟ್ಟಿಂಗ್ ಬದಲಿಸಬೇಕಾದ ಎತ್ತರ, 5,000 ಅಡಿ. ನಮಗೆ ಸಿಕ್ಕಿದ್ದ ಅನುಮತಿ ಫ್ಲೈಟ್ ಲೆವೆಲ್ 70ರವರೆಗೆ (ಲೆವೆಲ್ ಅಂಕಿ ನೂರು ಅಡಿಗಳ ಲೆಕ್ಕ, ಅಂದರೆ 7,000 ಅಡಿ) ಮಾತ್ರ. ನಿಮಿಷಕ್ಕೆ 2,400 ಅಡಿಯಂತೆ ಏರುತ್ತಿದ್ದೆವು. 5,000 ಅಡಿ ದಾಟುತ್ತಿದ್ದಂತೆ ನಾನು ‘ಟ್ರಾನ್ಸಿಶನ್’ ಎಂದು ಕೂಗಬೇಕು. ಇಬ್ಬರೂ ಎತ್ತರ ತೋರಿಸುವ ಆಲ್ಟಿಮೀಟರ್‌ಗಳನ್ನು ಎಲ್ಲ ವಿಮಾನಗಳಿಗೂ ಒಂದೇ ಆದ 1013ಕ್ಕೆ ತಿರುಗಿಸಿ ತಾಳೆ ನೋಡಬೇಕು. ಸರಿಯಾಗಿ ಆ ಹೊತ್ತಿಗೆ ಕ್ಯಾಬಿನ್‌ನಿಂದ ಕರೆ ಬಂತು. ಎತ್ತಿಕೊಂಡೆ. ಹಿಂದಿನ ಸಾಲಿನ ಒಂದು ಆಸನ ನೇರವಾಗಿ ನಿಲ್ಲುತ್ತಿಲ್ಲವಂತೆ. ಎರಡು ಮಾತಾಡಿ ಕೆಳಗಿಟ್ಟೆ. ಇಡುವಷ್ಟರಲ್ಲಿ ಕಂಟ್ರೋಲರ್ ಹೊಸ ಫ್ರೀಕ್ವೆನ್ಸಿ ಕೊಟ್ಟರು. ಅದನ್ನು ಬದಲಿಸಿದೆ. ಅಷ್ಟರಲ್ಲಿ 6,000 ಅಡಿ. ‘ಇನ್ನು ಸಾವಿರ’ ಎಂದೆ, ಕ್ಯಾಪ್ಟನ್ ಉತ್ತರಿಸಿದರು. ಆಟೋಪೈಲಟ್ 7,000ದಲ್ಲಿ ಅಚ್ಚುಕಟ್ಟಾಗಿ ವಿಮಾನವನ್ನು ಸಮತಟ್ಟಾಗಿಸಿತು. ಎರಡೂ ಆಲ್ಟಿಮೀಟರ್‌ಗಳು 7,000 ತೋರಿಸುತ್ತಿದ್ದವು.

ಹೊಸ ಕಂಟ್ರೋಲರ್ ಕೇಳಿದರು, ‘ನಿಮ್ಮ ಲೆವೆಲ್ ತಿಳಿಸಿ.’ ನಾನು ಪೂರ್ಣ ವಿಶ್ವಾಸದಿಂದ ‘ಫ್ಲೈಟ್ ಲೆವೆಲ್ 70’ ಎಂದೆ. ‘ನನಗೆ 76 ಕಾಣುತ್ತಿದೆ. ಆಲ್ಟಿಮೀಟರ್ ಸೆಟ್ಟಿಂಗ್ ನೋಡಿಕೊಳ್ಳಿ.’

ನಮ್ಮ ಮೇಲೆ 80ರಲ್ಲಿ ಇನ್ನೊಂದು ವಿಮಾನವಿತ್ತು. ಅದನ್ನು ಅವರು ಆಗಲೇ ಬದಿಗೆ ತಿರುಗಿಸಿದ್ದರು.

ನನ್ನ ಪ್ರಶ್ನೆ ಒಂದೇ. ನಾವು ಹರಟೆ ಹೊಡೆಯುತ್ತಿರಲಿಲ್ಲ. ದಣಿದಿರಲಿಲ್ಲ. ಮಾಡಿದ ಪ್ರತಿಯೊಂದೂ ಕೆಲಸಕ್ಕೆ ಸಂಬಂಧಿಸಿದ್ದೇ. ಆದರೂ ಇಬ್ಬರ ಕಣ್ಣಿಗೂ ಕಾಣಲಿಲ್ಲ. ಏಕೆ?

ಕಿಟಕಿ ಪಕ್ಕದವನು

ನಾನು ಬರೀ ಪ್ರಯಾಣಿಕ, ಕುತೂಹಲಕ್ಕೆ ಕೇಳುತ್ತಿದ್ದೇನೆ. ಎರಡೂ ಉಪಕರಣ 7,000 ತೋರಿಸುತ್ತಿರುವಾಗ ರೇಡಾರ್‌ಗೆ ಮಾತ್ರ 7,600 ಕಂಡದ್ದು ಹೇಗೆ? ಯಾವುದು ನಿಜ?

ಹಳೆಯ ಕ್ಯಾಪ್ಟನ್

ಒಳ್ಳೆಯ ಪ್ರಶ್ನೆ. ಆಲ್ಟಿಮೀಟರ್ ಅಳೆಯುವುದು ಎತ್ತರವನ್ನಲ್ಲ, ಗಾಳಿಯ ಒತ್ತಡವನ್ನು. ಆ ಒತ್ತಡವನ್ನು ಎತ್ತರವಾಗಿ ಓದಬೇಕಾದರೆ ‘ಇಂಥ ಒತ್ತಡದಿಂದ ಎಣಿಸು’ ಎಂದು ನಾವು ಅದಕ್ಕೆ ಹೇಳಿಕೊಡಬೇಕು. ನೆಲದ ಹತ್ತಿರ ಬೆಟ್ಟ, ಕಟ್ಟಡ, ರನ್‌ವೇಗಳ ಲೆಕ್ಕ ಮುಖ್ಯ. ಹಾಗಾಗಿ ಆ ಸ್ಥಳದ ಅಂದಿನ ಒತ್ತಡವಾದ ಕ್ಯೂಎನ್‌ಎಚ್ ಹಾಕುತ್ತೇವೆ. ಮೇಲೆ ಹೋದಮೇಲೆ ಮುಖ್ಯವಾಗುವುದು ಬೇರೆ ವಿಮಾನಗಳಿಂದ ಇರುವ ಅಂತರ. ನೂರಾರು ಮೈಲಿ ಆಚೆಯಿಂದ ಬಂದ ವಿಮಾನವೂ ಇದೀಗ ಹೊರಟ ವಿಮಾನವೂ ಒಂದೇ ಅಳತೆಗೋಲು ಹಿಡಿಯಬೇಕು. ಅದೇ 1013.25 ಹೆಕ್ಟೊಪ್ಯಾಸ್ಕಲ್. ಆ ಬದಲಾವಣೆ ಮಾಡುವ ಎತ್ತರವೇ ಟ್ರಾನ್ಸಿಶನ್ ಆಲ್ಟಿಟ್ಯೂಡ್. ಅಮೆರಿಕದಲ್ಲಿ ಅದು 18,000 ಅಡಿ. ಬೇರೆ ಹಲವು ಕಡೆ ಬಹಳ ಕೆಳಗೆ, ಅಂದರೆ ಕೆಲಸ ಕತ್ತಿನವರೆಗೆ ಬಂದಿರುವ ಹೊತ್ತಿನಲ್ಲೇ ಬರುತ್ತದೆ.

ಈಗ ಲೆಕ್ಕ. ಕೆಳ ಮಟ್ಟಗಳಲ್ಲಿ ಒಂದು ಹೆಕ್ಟೊಪ್ಯಾಸ್ಕಲ್‌ಗೆ ಸುಮಾರು 27 ಅಡಿ. 991 ಮತ್ತು 1013ರ ನಡುವೆ 22. ಗುಣಿಸಿದರೆ 600 ಅಡಿಯ ಆಸುಪಾಸು. ಒತ್ತಡ ಕಡಿಮೆಯಿರುವ ದಿನ 1013 ಹಾಕಲು ಮರೆತರೆ ವಿಮಾನ ಕೊಟ್ಟ ಮಟ್ಟವನ್ನು ಮೀರಿ ಮೇಲೆ ನಿಲ್ಲುತ್ತದೆ. ಒತ್ತಡ ಹೆಚ್ಚಿರುವ ದಿನ ಮರೆತರೆ ಕೆಳಗೆ ನಿಲ್ಲುತ್ತದೆ. ವಿಮಾನದ ಟ್ರಾನ್ಸ್‌ಪಾಂಡರ್ ರೇಡಾರ್‌ಗೆ ಕಳಿಸುವ ಎತ್ತರ ಯಾವಾಗಲೂ 1013ರ ಲೆಕ್ಕದ್ದು. ಪೈಲಟ್ ಯಾವ ಅಂಕಿ ತಿರುಗಿಸಿದರೂ ಅದು ಬದಲಾಗುವುದಿಲ್ಲ. ಹಾಗಾಗಿ ಕಂಟ್ರೋಲರ್‌ಗೆ ಕಂಡ 76ನ್ನೇ ನಂಬಬೇಕು.

ಬಲಬದಿಯವರೇ, ನಿಮ್ಮ ಬರಹದಲ್ಲಿ ನನ್ನ ಎದೆಗೆ ನಾಟಿದ್ದು ಬೇರೆ. ಎರಡೂ ಆಲ್ಟಿಮೀಟರ್‌ಗಳು ಒಂದನ್ನೊಂದು ಒಪ್ಪುತ್ತಿದ್ದವು. ತಾಳೆ ನೋಡುವುದು ಒಬ್ಬನು ತಪ್ಪಿದಾಗ ಹಿಡಿಯಲು ಇರುವ ಉಪಾಯ. ಇಬ್ಬರೂ ಒಂದೇ ತಪ್ಪು ಮಾಡಿದಾಗ ಅದು ‘ಎಲ್ಲವೂ ಸರಿಯಿದೆ’ ಎನ್ನುತ್ತದೆ. ‘ಇನ್ನು ಸಾವಿರ’ ಎಂದು ಕೂಗುವಾಗ ಅಂಕಿಯ ಪಕ್ಕದಲ್ಲೇ ಇರುವ ಒತ್ತಡದ ಸೆಟ್ಟಿಂಗನ್ನೂ ಬಾಯಿಬಿಟ್ಟು ಓದಿ. ನಾನು ಇದನ್ನು ಕಲಿತದ್ದು ನಿಮ್ಮಂತೆಯೇ ಒಮ್ಮೆ ಬೆವರಿದ ಮೇಲೆ.

ಕಿಟಕಿ ಪಕ್ಕದವನು

ಅರ್ಥವಾಯಿತು, ಧನ್ಯವಾದ ಸರ್. ಆದರೆ ನಿಷ್ಠುರವಾಗಿಯೇ ಹೇಳುತ್ತೇನೆ. ಆಸನ ನೇರವಾಗುತ್ತಿಲ್ಲ ಎಂಬ ಮಾತಿಗೆ ಆ ಹೊತ್ತಿನಲ್ಲಿ ಫೋನ್ ಎತ್ತಿದ್ದೇ ತಪ್ಪಲ್ಲವೇ? ಕಾಕ್‌ಪಿಟ್‌ನಲ್ಲಿ ಬೇರೆ ಮಾತೇ ಆಡಬಾರದೆಂಬ ನಿಯಮವಿದೆ ಎಂದು ಓದಿದ್ದೆ.

ಸಿಮ್ಯುಲೇಟರ್ ಮೇಷ್ಟ್ರು

ಇದೆ. ಅದರ ಹಿಂದೆ ಸಾವಿನ ಕಥೆಯೂ ಇದೆ. 1974ರ ಸೆಪ್ಟೆಂಬರ್ 11ರಂದು ಈಸ್ಟರ್ನ್ ಏರ್‌ಲೈನ್ಸ್‌ನ 212ನೇ ವಿಮಾನ ಅಮೆರಿಕದ ಷಾರ್ಲೆಟ್‌ನಲ್ಲಿ ಮಂಜಿನ ನಡುವೆ ಇಳಿಯುವಾಗ ರನ್‌ವೇಗೆ ಮೊದಲೇ ನೆಲಕ್ಕೆ ಬಡಿಯಿತು. ಪೈಲಟ್‌ಗಳು ರಾಜಕೀಯ, ಹಳೆಯ ಕಾರುಗಳ ಮಾರಾಟ ಇತ್ಯಾದಿ ಮಾತಾಡುತ್ತಿದ್ದುದು ಧ್ವನಿಮುದ್ರಣದಲ್ಲಿ ಸಿಕ್ಕಿತು; ಎತ್ತರದ ಕಡೆ ಗಮನ ಕಳೆದುಹೋಗಿತ್ತು. 1981ರಲ್ಲಿ ಅಮೆರಿಕದ ವಿಮಾನಯಾನ ಆಡಳಿತ ‘ಸ್ಟೆರೈಲ್ ಕಾಕ್‌ಪಿಟ್’ ನಿಯಮ ತಂದಿತು. ಟ್ಯಾಕ್ಸಿ (ನೆಲದ ಮೇಲಿನ ಓಡಾಟ), ಟೇಕಾಫ್, ಲ್ಯಾಂಡಿಂಗ್ ಹಾಗೂ ಕ್ರೂಸ್ (ಒಂದೇ ಮಟ್ಟದ ಹಾರಾಟ) ಬಿಟ್ಟು 10,000 ಅಡಿಗಿಂತ ಕೆಳಗಿನ ಎಲ್ಲ ಹಾರಾಟದಲ್ಲಿ ಸುರಕ್ಷತೆಗೆ ಬೇಡದ ಮಾತು, ಬೇಡದ ಕೆಲಸ ನಿಷಿದ್ಧ.

ಆದರೆ ಆ ನಿಯಮ ತಡೆಯುವುದು ಹರಟೆಯನ್ನು. ಬಲಬದಿಯವರಿಗೆ ಆದದ್ದು ಹರಟೆಯಿಂದಲ್ಲ. ನಾಸಾದ ಏಮ್ಸ್ ಕೇಂದ್ರದ ಸಂಶೋಧಕರು ಪೈಲಟ್‌ಗಳ ವರದಿಗಳನ್ನು ಕೂಲಂಕಷವಾಗಿ ನೋಡಿದಾಗ ಗಮನ ಸೆಳೆದುಕೊಂಡು ಹೋದವುಗಳಲ್ಲಿ ಹೆಚ್ಚಿನವು ಕೆಲಸದ ಭಾಗವೇ ಆಗಿದ್ದವು: ಮಾತುಕತೆ ಮತ್ತು ರೇಡಿಯೋ, ತಲೆ ತಗ್ಗಿಸಿ ಕಂಪ್ಯೂಟರ್‌ನಲ್ಲಿ ಮಾಡುವ ಕೆಲಸ, ಹೊರಗೆ ಬೇರೆ ವಿಮಾನ ಹುಡುಕುವುದು, ಕೆಟ್ಟುಹೋದ ಉಪಕರಣಕ್ಕೆ ಸ್ಪಂದಿಸುವುದು.

ನನ್ನ ಶಿಷ್ಯರಿಗೆ ನಾನು ಹೀಗೆ ಹೇಳುತ್ತೇನೆ. ಕಲಿತ ಕೆಲಸಗಳು ಮಣಿಸರದಂತೆ ಮನಸ್ಸಿನಲ್ಲಿ ಪೋಣಿಸಿಕೊಂಡಿರುತ್ತವೆ. ಒಂದು ಮುಗಿದದ್ದೇ ಮುಂದಿನದನ್ನು ಎಳೆದು ತರುತ್ತದೆ. ‘5,000 ಆದಾಗ 1013 ಹಾಕಬೇಕು’ ಎನ್ನುವುದು ಮಾತ್ರ ಹಾಗಲ್ಲ. ಅದು ಮುಂದೆ ಬರಲಿರುವ ಕ್ಷಣಕ್ಕಾಗಿ ಕಾದು ಕೂತ ನೆನಪು. ಆ ಕ್ಷಣದಲ್ಲಿ ಕಣ್ಣು ಬೇರೆ ಕಡೆಗಿದ್ದರೆ ಅದನ್ನು ಎಬ್ಬಿಸುವವರೇ ಇಲ್ಲ. 5,000 ಎನ್ನುವುದು ಬಾಗಿಲು ತಟ್ಟಿ ಬರುವುದಿಲ್ಲ. 4,900 ಹೇಗೆ ಕಾಣುತ್ತದೋ 5,100 ಕೂಡ ಹಾಗೆಯೇ ಕಾಣುತ್ತದೆ. ಮರೆತೆನೆಂಬ ಭಾವನೆಯೂ ಹುಟ್ಟುವುದಿಲ್ಲ. ದಿನವೂ ಮಾಡುವ ಕೆಲಸವಾದ್ದರಿಂದ ನಿನ್ನೆ ಮಾಡಿದ್ದರ ನೆನಪೇ ಇಂದು ಮಾಡಿದಂತೆ ತೋರುತ್ತದೆ.

ಅಡಚಣೆ ಬಂದ ಹೊತ್ತು ಮುಖ್ಯ, ಬಂದವರು ಯಾರು ಎಂಬುದಲ್ಲ. ನಿಮ್ಮ ಕ್ಯಾಪ್ಟನ್ ಕೂಡ ಅದೇ ಬಲೆಗೆ ಬಿದ್ದರು. ಅವರ ಪಾಲಿಗೆ 1013 ಹಾಕುವ ಸೂಚನೆ ಎಂದರೆ ಎತ್ತರವಲ್ಲ, ನಿಮ್ಮ ದನಿ. ದನಿ ಬರಲಿಲ್ಲ, ಕೈ ಏಳಲಿಲ್ಲ. ಇಬ್ಬರು ಕುಳಿತಿದ್ದರೂ ಕಾವಲು ಒಂದೇ ಇತ್ತು.

ಕ್ಯಾಬಿನ್ ಸಿಬ್ಬಂದಿ, ಒಂಬತ್ತು ವರ್ಷ

ಇದನ್ನು ಓದುತ್ತಾ ಕಣ್ಣು ತುಂಬಿ ಬಂತು. ಅಂಥ ಕರೆಯನ್ನು ನಾನೂ ಎಷ್ಟೋ ಸಲ ಮಾಡಿದ್ದೇನೆ. ನಾವು ಸಿಬ್ಬಂದಿಯ ಜಂಪ್ ಸೀಟಿನಲ್ಲಿ ಕುಳಿತಿರುತ್ತೇವೆ. ವಿಮಾನ 5,000 ಅಡಿಯಲ್ಲಿದೆಯೋ 9,000ದಲ್ಲಿದೆಯೋ ನಮಗೆ ತಿಳಿಯದು. 10,000 ದಾಟಿದ ಮೇಲೆ ಬರುವ ಗಂಟೆಯ ಸದ್ದೊಂದೇ ನಮಗಿರುವ ಗುರುತು. ಅದಕ್ಕೆ ಮೊದಲು ಕರೆಯಬಾರದು ಎಂದು ಹೇಳಿಕೊಟ್ಟಿರುತ್ತಾರೆ, ಸುರಕ್ಷತೆಯ ವಿಷಯವಾದರೆ ಕೂಡಲೇ ಕರೆಯಿರಿ ಎಂದೂ ಹೇಳಿಕೊಟ್ಟಿರುತ್ತಾರೆ. ನೇರವಾಗದ ಆಸನ ಎರಡರಲ್ಲಿ ಯಾವುದು?

ಕರೆಯದೆ ಸುಮ್ಮನಿದ್ದರೂ ಜನ ಸತ್ತಿದ್ದಾರೆ. 1989ರ ಮಾರ್ಚ್ 10ರಂದು ಕೆನಡಾದ ಡ್ರೈಡನ್‌ನಲ್ಲಿ ಏರ್ ಒಂಟಾರಿಯೋದ ಎಫ್-28 ವಿಮಾನ ರೆಕ್ಕೆಯ ಮೇಲೆ ಹಿಮ ಕಟ್ಟಿದ್ದಾಗಲೇ ಹೊರಟು ಬಿದ್ದಿತು. 24 ಜನ ತೀರಿಕೊಂಡರು. ಬದುಕುಳಿದ ಗಗನಸಖಿ ಆ ಹಿಮವನ್ನು ನೋಡಿದ್ದರು, ಆದರೆ ಪೈಲಟ್‌ಗಳಿಗೆ ಹೇಳಲಿಲ್ಲ. ನಮ್ಮ ತರಬೇತಿಯಲ್ಲಿ ಈ ಪಾಠ ಬರುತ್ತದೆ. ಆದ್ದರಿಂದ ದಯವಿಟ್ಟು ‘ಕರೆಯಲೇಬೇಡಿ’ ಎನ್ನಬೇಡಿ.

ಹಳೆಯ ಕ್ಯಾಪ್ಟನ್

ತಾಯಿ, ನೀವು ಹೇಳಿದ್ದು ನೂರಕ್ಕೆ ನೂರು ನಿಜ. ಕರೆದದ್ದು ತಪ್ಪಲ್ಲ. ಎತ್ತುವ ಹೊತ್ತನ್ನು ಆರಿಸಿಕೊಳ್ಳಬೇಕಾದವರು ನಾವು. ತುರ್ತು ಕರೆಯ ಸದ್ದೇ ಬೇರೆ ಇರುವಾಗ ಸಾಮಾನ್ಯ ಕರೆ ಮೂವತ್ತು ಸೆಕೆಂಡು ಕಾಯಬಹುದು.

ನನ್ನ ಅಭಿಪ್ರಾಯ ಇಷ್ಟು: ಮೇಲೇರುವುದು ಮುಗಿಯುವವರೆಗೂ ಸ್ಟೆರೈಲ್ ನಿಯಮ ಜಾರಿಯಲ್ಲಿರಬೇಕು. 10,000 ಅಡಿಗೆ ನಿಲ್ಲಿಸುವುದರಲ್ಲಿ ಏನು ಅರ್ಥವಿದೆ? ಮಟ್ಟ ಮೀರುವ ಅಪಾಯ ಅಲ್ಲಿಗೆ ಮುಗಿಯುವುದಿಲ್ಲ.

ರೇಡಾರ್ ಕೋಣೆ

ನಾನು ಏರಿಯಾ ಕಂಟ್ರೋಲರ್. ಕ್ಯಾಪ್ಟನ್ ಸರ್ ಅವರ ಮಾತಿಗೆ ಅರ್ಧ ಒಪ್ಪಿಗೆ. ಅಷ್ಟು ದೀರ್ಘ ಮೌನ ಹೇರಿದರೆ ಜನ ಅದನ್ನು ಪಾಲಿಸುವುದನ್ನೇ ಬಿಡುತ್ತಾರೆ. ಮಟ್ಟ ತಲುಪುವ ಕೊನೆಯ ಸಾವಿರ ಅಡಿಯನ್ನು ಪವಿತ್ರವಾಗಿ ಕಾಣಿರಿ, ಅದು ಯಾವ ಎತ್ತರವೇ ಇರಲಿ. ನನ್ನ ಬೇಡಿಕೆ ಅಷ್ಟೇ.

ನಮ್ಮ ಕಡೆಯ ಚಿತ್ರವನ್ನೂ ಕೇಳಿ. ಕೊಟ್ಟ ಮಟ್ಟದಿಂದ 300 ಅಡಿ ಮೀರಿದರೆ ಯುರೋಪಿನಲ್ಲಿ ಅದನ್ನು ಲೆವೆಲ್ ಬಸ್ಟ್ ಎಂದು ಲೆಕ್ಕಕ್ಕೆ ಹಿಡಿಯುತ್ತಾರೆ. 290ರಿಂದ 410ರ ನಡುವಿನ ಮಟ್ಟಗಳಲ್ಲಿ, ಅಂದರೆ ಅಂತರವನ್ನು 2,000ದಿಂದ 1,000 ಅಡಿಗೆ ಇಳಿಸಿರುವ ಕಡೆ, 200 ಅಡಿಯೇ ಸಾಕು. ನಿಮಿಷಕ್ಕೆ 2,500 ಅಡಿ ಏರುವ ವಿಮಾನ 300 ಅಡಿ ದಾಟಲು ಏಳು ಸೆಕೆಂಡು. ನಾನು ಒಂದು ವಾಕ್ಯ ಹೇಳಿ ಮುಗಿಸುವಷ್ಟರಲ್ಲಿ ಎಲ್ಲವೂ ಮುಗಿದಿರುತ್ತದೆ.

ತಪ್ಪು ನಮ್ಮ ಕಡೆಯಿಂದಲೂ ಹುಟ್ಟುತ್ತದೆ, ಮುಚ್ಚಿಡುವುದಿಲ್ಲ. ಪೈಲಟ್ ಹಿಂದಿರುಗಿ ಹೇಳಿದ ಸಂಖ್ಯೆ ತಪ್ಪಾಗಿದ್ದರೂ ನಾವು ನಮಗೆ ಬೇಕಾದುದನ್ನೇ ಕೇಳಿಸಿಕೊಂಡುಬಿಡುತ್ತೇವೆ. 10,000 ಮತ್ತು 11,000 ಈ ಜೋಡಿ ನಮ್ಮ ಹಳೆಯ ಶತ್ರು: ‘ಒನ್ ಝೀರೋ’, ‘ಒನ್ ಒನ್’. ಬ್ರಿಟನ್ನಿನಲ್ಲಿ 100ನೇ ಲೆವೆಲನ್ನು ಬಿಡಿ ಅಂಕಿಗಳಾಗಿ ಹೇಳದೆ ‘ಒನ್ ಹಂಡ್ರೆಡ್’ ಎಂದೇ ಹೇಳತೊಡಗಿದ್ದು ಈ ಕಾರಣಕ್ಕೆ. ಒಂದು ಪದವೂ ಜೀವ ತೆಗೆಯಬಲ್ಲದು. 1989ರ ಫೆಬ್ರವರಿ 19ರಂದು ಕೌಲಾಲಂಪುರದ ಬಳಿ ಫ್ಲೈಯಿಂಗ್ ಟೈಗರ್ ಸರಕು ವಿಮಾನಕ್ಕೆ ‘ಟು ಫೋರ್ ಝೀರೋ ಝೀರೋ’ಗೆ, ಅಂದರೆ 2,400 ಅಡಿಗೆ ಇಳಿಯಲು ಹೇಳಿದರು. ಸಿಬ್ಬಂದಿ ಆ ‘ಟು’ವನ್ನು ‘ವರೆಗೆ’ ಎಂದು ತಿಳಿದು 400 ಅಡಿಗೆ ಹೊರಟರು. ಗುಡ್ಡಕ್ಕೆ ಬಡಿದು ನಾಲ್ವರೂ ಸತ್ತರು.

ಈಗ ಹಲವೆಡೆ ಪೈಲಟ್ ತನ್ನ ಫಲಕದಲ್ಲಿ ಆರಿಸಿಕೊಂಡ ಮಟ್ಟ ನಮ್ಮ ಪರದೆಯ ಮೇಲೆಯೇ ಕಾಣುತ್ತದೆ. ನಾನು 100 ಕೊಟ್ಟು, ಬಾಯಲ್ಲಿ 100 ಎಂದೇ ಕೇಳಿ, ಪರದೆಯಲ್ಲಿ 110 ನೋಡಿದ್ದಿದೆ. ದಿನವೂ 110 ಸಿಗುವ ದಾರಿಯಲ್ಲಿ ಕೈ ತಾನಾಗಿ 110 ತಿರುಗಿಸಿರುತ್ತದೆ. ಆದರೆ ಬಲಬದಿಯವರೇ, ನಿಮ್ಮಂಥ ತಪ್ಪನ್ನು ಅದು ಹಿಡಿಯುವುದಿಲ್ಲ. ನಿಮ್ಮ ಫಲಕದಲ್ಲಿ 7,000 ಸರಿಯಾಗಿಯೇ ಇತ್ತು.

ವಿಮಾನ ನಿರ್ವಹಣೆ

ಹೊಸ ವಿಮಾನಗಳಲ್ಲಿ ಟ್ರಾನ್ಸಿಶನ್ ದಾಟಿದ ಮೇಲೂ ಹಳೆಯ ಒತ್ತಡವೇ ಇದ್ದರೆ ಆ ಅಂಕಿ ಬಣ್ಣ ಬದಲಿಸುತ್ತದೆ ಅಥವಾ ಮಿನುಗುತ್ತದೆ. ನಿಮ್ಮದರಲ್ಲಿ ಇರಲಿಲ್ಲವೇ?

ಬಲಬದಿಯ ಆಸನ

ಇರಲಿಲ್ಲ, ನಮ್ಮದು ಹಳೆಯ ಮಾದರಿ. ಮಟ್ಟ ಸಮೀಪಿಸಿದಾಗಿನ ಗಂಟೆ ಬಾರಿಸಿತು. ಅದೂ ಅದೇ ತಪ್ಪು ಆಲ್ಟಿಮೀಟರನ್ನು ನಂಬಿಕೊಂಡೇ.

ಸಿಮ್ಯುಲೇಟರ್ ಮೇಷ್ಟ್ರು

ಯಂತ್ರದ ಮಾತು ಬಂದದ್ದರಿಂದ ಸ್ವಲ್ಪ ವಿಸ್ತರಿಸುತ್ತೇನೆ, ಸಹಿಸಿಕೊಳ್ಳಿ. ಆಟೋಪೈಲಟ್ ಇದ್ದರೆ ಮಟ್ಟ ತಪ್ಪುವುದಿಲ್ಲ ಎಂಬ ನಂಬಿಕೆ ತಪ್ಪು. ಎಂಡಿ-88 ವಿಮಾನದ ಸಿಮ್ಯುಲೇಟರ್‌ನಲ್ಲಿ ನಾಸಾ ನಡೆಸಿದ ಪ್ರಯೋಗದಲ್ಲಿ ಒಂದು ಘಟನೆ ದಾಖಲಾಯಿತು. ವಿಮಾನ ಮಟ್ಟವನ್ನು ಹಿಡಿಯತೊಡಗಿದ ಮೇಲೆ ಪೈಲಟ್ ಏರುವ ವೇಗದ ಚಕ್ರವನ್ನು ತಿರುಗಿಸಿದರು. ಅಷ್ಟಕ್ಕೇ ‘ಮಟ್ಟ ಹಿಡಿ’ ಎಂಬ ಆದೇಶ ಸದ್ದಿಲ್ಲದೆ ರದ್ದಾಯಿತು. ಫಲಕದಲ್ಲಿ ಅದೇ ಎತ್ತರದ ಅಂಕಿ ನಿಂತಿದೆ, ವಿಮಾನ ಮಾತ್ರ ದಾಟಿ ಹೋಗುತ್ತಿದೆ. ಅಂಕಿ ಹಾಕಿದ್ದು ಕಾಣಿಸಿದರೆ ಸಾಲದು. ಮುಂದಿನ ಪರದೆಯ ಮೇಲ್ತುದಿಯಲ್ಲಿ ಆಟೋಪೈಲಟ್ ಈಗ ಏನು ಮಾಡುತ್ತಿದೆ ಎಂದು ಬರೆದಿರುತ್ತದೆ, ಅದನ್ನು ಓದಬೇಕು, ಗಟ್ಟಿಯಾಗಿ ಓದಬೇಕು.

ಕೈಯಲ್ಲಿ ಹಾರಿಸುವಾಗಲೂ ಗಮನ ಸರಿದರೆ ಏನಾಗುತ್ತದೆ ಎಂಬುದಕ್ಕೆ 2022ರ ಡಿಸೆಂಬರ್ 18ರ ಯುನೈಟೆಡ್ 1722 ಸಾಕ್ಷಿ. ಹವಾಯಿಯ ಕಹುಲುಯಿಯಿಂದ ಹೊರಟ ಬೋಯಿಂಗ್ 777. ಕ್ಯಾಪ್ಟನ್ ಫ್ಲ್ಯಾಪ್ (ರೆಕ್ಕೆಯ ಹಿಂಬದಿಯ ಇಳಿಫಲಕ) 5 ಎಂದರು, ಸಹಪೈಲಟ್‌ಗೆ 15 ಎಂದು ಕೇಳಿಸಿತು. ಫ್ಲ್ಯಾಪ್ ಇಳಿಬಿಟ್ಟಿರುವಾಗ ಮೀರಬಾರದ ವೇಗದ ಮಿತಿಯತ್ತ ಕ್ಯಾಪ್ಟನ್ ಅವರ ಗಮನ ಹರಿಯಿತು. ಸುಮಾರು 2,100 ಅಡಿಗೆ ಏರಿದ್ದ ವಿಮಾನ ಸಾಗರದ ಮೇಲೆ 748 ಅಡಿಯವರೆಗೆ ಇಳಿದು, ನೆಲ ಸಮೀಪಿಸಿದ ಎಚ್ಚರಿಕೆ ಕೂಗಿದ ಮೇಲೆ ಮೇಲೆದ್ದಿತು. ಯಾರಿಗೂ ಗಾಯವಾಗಲಿಲ್ಲ. ಇದನ್ನು ತರಗತಿಯಲ್ಲಿ ಹೇಳುವಾಗ ನನ್ನ ದನಿ ಇಂದಿಗೂ ನಡುಗುತ್ತದೆ, ಏಕೆಂದರೆ ಇಡೀ ಘಟನೆಯ ಬೀಜ ಒಂದೇ ಒಂದು ಅಂಕಿ.

ಕಿಟಕಿ ಪಕ್ಕದವನು

ಬಲಬದಿಯವರೇ, ಮೇಲಿನ ನನ್ನ ಮಾತನ್ನು ಹಿಂದಕ್ಕೆ ಪಡೆಯುತ್ತೇನೆ. ತಿಳಿಯದೆ ಆಡಿದೆ, ಬೇಸರ ಬೇಡ.

ಇನ್ನೊಂದು ಸಂದೇಹ. ಕಂಟ್ರೋಲರ್ ನೋಡದೇ ಹೋಗಿದ್ದರೆ ಡಿಕ್ಕಿಯೇ ಆಗುತ್ತಿತ್ತೇ?

ರೇಡಾರ್ ಕೋಣೆ

ಕೊನೆಯ ಬೇಲಿಯಾಗಿ ಡಿಕ್ಕಿ ತಪ್ಪಿಸುವ ವ್ಯವಸ್ಥೆಯಾದ ಟಿಕಾಸ್ ಇದೆ. ಎರಡು ವಿಮಾನಗಳ ಟ್ರಾನ್ಸ್‌ಪಾಂಡರ್‌ಗಳು ಪರಸ್ಪರ ಮಾತಾಡಿ, ಒಬ್ಬರಿಗೆ ಏರು, ಇನ್ನೊಬ್ಬರಿಗೆ ಇಳಿ ಎನ್ನುತ್ತವೆ. ಟಿಕಾಸ್‌ಗೂ 1013ರ ಲೆಕ್ಕವೇ ಸಿಗುವುದರಿಂದ ಈ ತಪ್ಪು ಅದನ್ನು ಮೋಸಗೊಳಿಸುವುದಿಲ್ಲ.

ಅದು ಇಲ್ಲದಿದ್ದ ದಿನ ಏನಾಯಿತೆಂದರೆ ಹರಿಯಾಣದ ಚರ್ಖಿ ದಾದ್ರಿ. 1996ರ ನವೆಂಬರ್ 12. ದೆಹಲಿಯಿಂದ ಏರುತ್ತಿದ್ದ ಸೌದಿಯ 747ಕ್ಕೆ 14,000 ಅಡಿ. ಇಳಿಯುತ್ತಿದ್ದ ಕಝಾಕಿಸ್ತಾನದ ಇಲ್ಯೂಷಿನ್-76ಕ್ಕೆ 15,000. ಇಲ್ಯೂಷಿನ್ ತನ್ನ ಮಟ್ಟ ಬಿಟ್ಟು ಕೆಳಗಿಳಿಯಿತು. 349 ಜನ. ಇಂದಿಗೂ ಆಕಾಶದಲ್ಲಿ ಎರಡು ವಿಮಾನಗಳು ಡಿಕ್ಕಿಯಾದ ದುರಂತಗಳಲ್ಲಿ ಅದಕ್ಕಿಂತ ದೊಡ್ಡದಿಲ್ಲ. ನಾವು ಸಾವಿರ ಅಡಿ ಎಂದು ಜೀವ ತೇಯುವುದು ಇದಕ್ಕೆ.

ಪೈಲಟ್‌ಗಳಲ್ಲಿ ಒಂದು ವಿನಂತಿ: ಕೊನೆಯ ಸಾವಿರ ಅಡಿಯಲ್ಲಿ ಏರುವ ವೇಗವನ್ನು ನಿಮಿಷಕ್ಕೆ 1,500ಕ್ಕಿಂತ ಕೆಳಗೆ ತನ್ನಿ. ಅಂತರರಾಷ್ಟ್ರೀಯ ಶಿಫಾರಸೇ ಇದೆ. ಟಿಕಾಸ್ ಸುಮ್ಮಸುಮ್ಮನೆ ಕೂಗುವುದು ತಪ್ಪುತ್ತದೆ, ನಮಗೂ ನಿಮಗೂ ಉಸಿರಾಡಲು ಕೆಲವು ಸೆಕೆಂಡು ಸಿಗುತ್ತದೆ.

ಬಲಬದಿಯ ಆಸನ

ಎಲ್ಲರಿಗೂ ಕೃತಜ್ಞ. ಈಗ ನಿಜವಾದ ಭಯ ಹೇಳುತ್ತೇನೆ. ನಾನು ವರದಿ ಸಲ್ಲಿಸಿದ್ದೇನೆ. ಕ್ಯಾಪ್ಟನ್ ‘ಹೇಗೂ ಕಂಟ್ರೋಲರ್ ಬರೆದಿರುತ್ತಾರೆ, ನಾವೇಕೆ ಬರೆಯಬೇಕು’ ಎಂದರು. ಅಂದಿನಿಂದ ಅವರು ಮಾತಾಡುತ್ತಿಲ್ಲ. ಹಿರಿಯರಿಗೆ ದ್ರೋಹ ಮಾಡಿದೆನೇ ಎಂಬ ಸಂಕಟ.

ಹಳೆಯ ಕ್ಯಾಪ್ಟನ್

ಮಗೂ, ನೀನು ಸರಿಯಾದುದನ್ನೇ ಮಾಡಿದ್ದೀಯೆ. ಏಕವಚನ ಬಳಸಿದ್ದಕ್ಕೆ ಕ್ಷಮಿಸು, ನನ್ನ ಮಗನ ವಯಸ್ಸಿನವನು ಎಂದುಕೊಂಡು ಬರೆಯುತ್ತಿದ್ದೇನೆ.

1974ರ ಡಿಸೆಂಬರ್ 1ರಂದು ಟಿಡಬ್ಲ್ಯೂಎ 514 ವಾಷಿಂಗ್ಟನ್ ಹತ್ತಿರದ ಬೆಟ್ಟಕ್ಕೆ ಬಡಿದು 92 ಜನ ಸತ್ತರು. ‘ಅಪ್ರೋಚ್‌ಗೆ (ಇಳಿಯಲು ಸಮೀಪಿಸುವುದಕ್ಕೆ) ಅನುಮತಿ’ ಎಂಬ ಮಾತನ್ನು ಕಂಟ್ರೋಲರ್ ಒಂದು ಅರ್ಥದಲ್ಲಿ ಹೇಳಿದರೆ ಪೈಲಟ್ ಇನ್ನೊಂದು ಅರ್ಥದಲ್ಲಿ ತಿಳಿದು 1,800 ಅಡಿಗೆ ಇಳಿದಿದ್ದರು. ಆಮೇಲೆ ಗೊತ್ತಾಯಿತು, ಆರು ವಾರ ಮೊದಲು ಬೇರೊಂದು ಸಂಸ್ಥೆಯ ವಿಮಾನ ಅದೇ ಜಾಗದಲ್ಲಿ ಅದೇ ತಪ್ಪು ತಿಳಿವಳಿಕೆಯಿಂದ ಬೆಟ್ಟವನ್ನು ಕೂದಲೆಳೆಯಲ್ಲಿ ತಪ್ಪಿಸಿಕೊಂಡಿತ್ತು. ಆ ಪೈಲಟ್‌ಗಳು ತಮ್ಮ ಸಂಸ್ಥೆಗೆ ಹೇಳಿದರು, ಸಂಸ್ಥೆ ತನ್ನ ಪೈಲಟ್‌ಗಳನ್ನು ಎಚ್ಚರಿಸಿತು. ಪಕ್ಕದ ಸಂಸ್ಥೆಗೆ ಅದು ತಲುಪುವ ದಾರಿಯೇ ಇರಲಿಲ್ಲ. ಆ ನೋವಿನಿಂದಲೇ 1976ರಲ್ಲಿ ನಾಸಾ ನಡೆಸುವ ವರದಿ ವ್ಯವಸ್ಥೆ ಹುಟ್ಟಿತು. ಬರೆದವರ ಹೆಸರು ತೆಗೆದು, ಪಾಠವನ್ನು ಮಾತ್ರ ಎಲ್ಲರಿಗೂ ಹಂಚುತ್ತಾರೆ.

ಕಂಟ್ರೋಲರ್ ಬರೆದ ವರದಿಯಲ್ಲಿ ‘70ರ ಬದಲು 76ರಲ್ಲಿ ಕಂಡಿತು’ ಎಂದಷ್ಟೇ ಇರುತ್ತದೆ. ಫೋನ್ ಬಂದದ್ದು, ನೀನು ಎತ್ತಿದ್ದು, ಎರಡು ಆಲ್ಟಿಮೀಟರ್‌ಗಳು ಒಪ್ಪಿದ್ದು, ಇದು ನಿಮ್ಮಿಬ್ಬರನ್ನು ಬಿಟ್ಟರೆ ಯಾರಿಗೂ ಗೊತ್ತಿಲ್ಲ. ಕ್ಯಾಪ್ಟನ್ ಅವರಿಗೆ ಅವಮಾನವಾಗಿದೆ, ಕೋಪವಲ್ಲ. ಅವರ ಮನೆಗೆ ಹೋಗು. ವರದಿಯ ಪ್ರತಿ ಕೊಂಡುಹೋಗು. ‘ಕೂಗಬೇಕಾದವನು ನಾನು, ಕೂಗಲಿಲ್ಲ’ ಎಂದು ನೀನು ಬರೆದಿದ್ದರೆ ಅವರು ಅದನ್ನು ಓದಲಿ.

ಬಲಬದಿಯ ಆಸನ

ಮೂರು ದಿನ ಬಿಟ್ಟು ಬರೆಯುತ್ತಿದ್ದೇನೆ. ಹೋಗಿದ್ದೆ ಸರ್. ಓದಿದರು. ಬಹಳ ಹೊತ್ತು ಸುಮ್ಮನಿದ್ದು, ತಮ್ಮ ಹೆಸರಿನಲ್ಲಿ ಇನ್ನೊಂದು ಪುಟ ಬರೆದರು. ತಾವೂ ಅಂಕಿಯನ್ನು ನೋಡಬೇಕಿತ್ತು, ದನಿಗಾಗಿ ಕಾದದ್ದೇ ತಪ್ಪು ಎಂದು.

ಇಂದು ಬೆಳಿಗ್ಗೆ ಬೇರೊಬ್ಬ ಕ್ಯಾಪ್ಟನ್ ಜೊತೆ ಹಾರಾಟವಿತ್ತು. ಹೊರಡುವ ಮೊದಲಿನ ಬ್ರೀಫಿಂಗ್‌ನಲ್ಲಿ ಕ್ಯಾಬಿನ್ ಸಿಬ್ಬಂದಿಗೆ ಹೇಳಿದೆವು: ತುರ್ತಲ್ಲದಿದ್ದರೆ ಕರೆಯನ್ನು ನಾವು ಎತ್ತದೇ ಇರಬಹುದು, ಬಿಡುವಾದೊಡನೆ ನಾವೇ ತಿರುಗಿ ಕರೆಯುತ್ತೇವೆ. 4,700 ಅಡಿಯಲ್ಲಿ ಫೋನ್ ಸದ್ದು ಮಾಡಿತು. ಸಾಮಾನ್ಯ ಸದ್ದು. ಕೈ ಅರ್ಧ ಹೋಗಿ ನಿಂತಿತು. ‘ಟ್ರಾನ್ಸಿಶನ್’ ಎಂದೆ. ‘ಸ್ಟ್ಯಾಂಡರ್ಡ್, 1013’ ಎಂದು ಕ್ಯಾಪ್ಟನ್ ಓದಿದರು, ನಾನೂ ಓದಿದೆ, ತಾಳೆ ನೋಡಿದೆವು. ಮಟ್ಟ ತಲುಪಿದ ಮೇಲೆ ತಿರುಗಿ ಕರೆದೆ. ಮುಂದಿನ ಶೌಚಾಲಯದ ದೀಪ ಉರಿಯುತ್ತಿಲ್ಲವಂತೆ. ನಿರ್ವಹಣಾ ಪುಸ್ತಕದಲ್ಲಿ ಬರೆದುಕೊಂಡೆ.